ಎಲೆಗೆ ಅಡ್ಡ ಹಿಡಿದ ಕೈ

ಕೈ ತೊಳೆಯುವ ಜಾಗದ ಪಕ್ಕದಲ್ಲಿ ಒಂದು ದೊಡ್ಡ ಸ್ಟೀಲ್ ತಟ್ಟೆ ಇಟ್ಟಿದ್ದರು. ಅದರಲ್ಲಿ ಒಂದು ಕಡೆ ಬೀಡಾ, ಇನ್ನೊಂದು ಕಡೆ ಬಾಳೆಹಣ್ಣು, ನಡುವೆ ಗ್ಯಾಸಿನ ಪುಡಿಯ ಪೊಟ್ಟಣಗಳು. ಹೋದ ತಿಂಗಳು ಮದ್ದೂರಿನ ಒಂದು ಸಮುದಾಯ ಭವನದಲ್ಲಿ ನಡೆದ ಬೀಗರೂಟ ಅದು, ಮದುವೆಯಾದ ಮೇಲೆ ಗಂಡಿನ ಕಡೆಯವರು ಹಾಕಿಸುವ ಬಾಡಿನ, ಅಂದರೆ ಮಾಂಸದ ಊಟ. ಉಂಡವರು ಒಬ್ಬೊಬ್ಬರಾಗಿ ಬಂದು, ಪೊಟ್ಟಣ ಹರಿದು ಲೋಟದ ನೀರಿಗೆ ಸುರಿದು, ಬುಸ್ಸೆಂದು ನೊರೆ ಉಕ್ಕುತ್ತಿರುವಾಗಲೇ ಗಟಗಟ ಕುಡಿದು, ಭವನಕ್ಕೆಲ್ಲ ಕೇಳುವಂತೆ ತೇಗುತ್ತಿದ್ದರು. ಊಟ ಹಾಕಿಸಿದ ಹಿರಿಯರು ಪಕ್ಕದಲ್ಲೇ ನಿಂತಿದ್ದರು. ಇದನ್ನೂ ಮರೆತಿಲ್ಲ ನೋಡಿ ಎಂಬ ಹೆಮ್ಮೆ ಮುಖದ ಮೇಲೆ. ಎದೆ ಉರಿಯುವಷ್ಟು ಬಡಿಸುತ್ತೇವೆ ಎಂದು ಮೊದಲೇ ಗೊತ್ತು. ಆದರೂ ಕಡಿಮೆ ಬಡಿಸುವ ಬದಲು ಪುಡಿ ತಂದಿಡುವ ಬುದ್ಧಿ!

ಆ ಹುಳಿ ನೊರೆಯ ವಾಸನೆ, ಅದರ ಹಿಂದೆಯೇ ಬರುವ ಬಾಡಿನ ತೇಗು... ನಾನು ಮೂಗು ಮುಚ್ಚಿಕೊಂಡೆ. ಜೊತೆಗೆ ಪಕ್ಕದ ಮನೆಯ ಮಾವ ನೆನಪಾದರು. ಅವರಿದ್ದಿದ್ದರೆ ಆ ಊಟಕ್ಕೆ ಬರಲೇಬೇಕಿತ್ತು. ಕಿರಿಯ ಮಗನ ಮದುವೆಗೆಂದು ಊಟ ಹಾಕಿಸಿದ್ದು ಅವರ ಬೀಗರು, ಮಗಳ ಮಾವನವರು.

ಮಾವ ಎಂದರೆ ನಮಗೆ ನೆಂಟರೇನಲ್ಲ. ಭಾರತೀನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ನೋಡುವ ಕೆಲಸ ಅವರದು. ಪಾಳಿ ಮುಗಿಸಿ ಬಂದವರು ಹೊತ್ತಲ್ಲದ ಹೊತ್ತಿನಲ್ಲಿ ಎರಡು ಮುದ್ದೆ ಇಳಿಸಿ, ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿದು, ಹಾಗೇ ಮಂಚಕ್ಕೆ ಒರಗುತ್ತಿದ್ದರು. ಗೋಡೆ ತೆಳು. ಗಂಟಲವರೆಗೆ ಬಂದ ಹುಳಿನೀರನ್ನು ಅವರು ಮತ್ತೆ ನುಂಗುವ ಸದ್ದು ನನ್ನ ಪುಸ್ತಕದವರೆಗೂ ಬರುತ್ತಿತ್ತು. ಅಸಹ್ಯವಾಗುತ್ತಿತ್ತು. ಆಮೇಲೆ ಕ್ಯಾಕರಿಸಿ ಉಗಿಯುವುದು, ಲೋಟ ಉರುಳುವುದು, ಅತ್ತೆ ಎದ್ದು ಅಡುಗೆ ಸೋಡಾದ ಡಬ್ಬಿ ತೆಗೆಯುವುದು...

ಉರಿಗಿಂತ ಹೆಚ್ಚು ನನ್ನನ್ನು ಕೆರಳಿಸಿದ್ದು ಅದಕ್ಕೆ ಬಂದ ಮದ್ದುಗಳು. ಸೋಡಾಕ್ಕೆ ನಿಂಬೆಹಣ್ಣು ಹಿಂಡು ಎಂದರು ಒಬ್ಬರು. ಬೆಳಿಗ್ಗೆ ಎದ್ದ ಕೂಡಲೇ ಜೀರಿಗೆ ನೀರು ಕುಡಿ ಎಂದರು ಇನ್ನೊಬ್ಬರು. ಆತಗೂರಿನ ನೆಂಟನೊಬ್ಬ ಮೊಬೈಲಿಗೆ ಕಳಿಸಿದ್ದಂತೂ ವಿನೆಗರ್ ಕುಡಿಯುವ ಚಿಕಿತ್ಸೆ.

"ಕುಡ್ದವ್ರಿಗೆಲ್ಲ ವಾಸಿ ಆಗೈತಂತೆ ಕಣ್ ಮಗ," ಎಂದು ಮಾವ ಮೊಬೈಲು ತೋರಿಸಿದರು.

"ವಾಸಿಯಾಗ್ದೇ ಇರೋರು ಮೆಸೇಜ್ ಕಳಿಸ್ತಾರಾ ಮಾವ?" ಎಂದೆ.

ಅವರು ಮೊಬೈಲು ಜೇಬಿಗಿಳಿಸಿ, ಒಳಗೆ ಕೂಗಿದರು: "ಲೇ, ನೋಡಮ್ಮಿ, ಲಾಯ್ರಮ್ಮ ಬಂದವ್ಳೆ, ಕಾಫಿ ಕಾಯ್ಸು!" ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಕಾನೂನು ಓದುತ್ತಿರಲಿಲ್ಲ. ಆದರೂ ಅವರಿಗೆ ನಾನು ಲಾಯರಮ್ಮನೇ.

ಕೊನೆಗೆ ಮಂಡ್ಯದ ಡಾಕ್ಟರೊಬ್ಬರಿಗೆ ತೋರಿಸಿಕೊಂಡು ಬಂದರು. ಡಾಕ್ಟರು ಸ್ವಲ್ಪ ದಿನಕ್ಕೆ ಮಾತ್ರೆ ಕೊಟ್ಟು, ಉಳಿದದ್ದು ನಿಮ್ಮ ಕೈಯಲ್ಲೇ ಇದೆ ಎಂದಿದ್ದರಂತೆ. ಹೊತ್ತಿಗೆ ಮುಂಚೆ ಉಣ್ಣಿ, ಕಡಿಮೆ ಉಣ್ಣಿ, ಉಂಡ ಕೂಡಲೇ ಮಲಗಬೇಡಿ, ಹೊಗೆಸೊಪ್ಪು ಬಿಡಿ, ಹೊಟ್ಟೆ ಇಳಿಸಿ, ಮಂಚದ ತಲೆಕಡೆ ಎತ್ತರ ಮಾಡಿ. ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ಸೊರಗಿದರೆ, ಮಲ ಕಪ್ಪಾದರೆ ಮಾತ್ರ ಒಂದು ದಿನವೂ ಕಾಯದೆ ಬನ್ನಿ ಎಂದೂ ಹೇಳಿದ್ದರು. ಮಾವನಿಗೆ ಇದು ಬಹಳ ಸಪ್ಪೆ ಎನಿಸಿತು. "ಇಷ್ಟ್ ಏಳಾಕೆ ಮಂಡ್ಯಕ್ಕೆ ಓಗ್ಬೇಕಿತ್ತಾ? ಒಂದ್ ಇಂಜೆಕ್ಷನ್ನೂ ಚುಚ್ಚ್ನಿಲ್ಲ ಕಣವ್ವ!"

ನಾನು ಅದನ್ನೂ ಸುಮ್ಮನೆ ಒಪ್ಪಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಹೇಗೆ ಗೊತ್ತಾಗುತ್ತದೆ? ಒಂದೊಂದಾಗಿ ಮಾಡಿ ನೋಡೋಣ ಎಂದೆ. ಮಾವನಿಗೆ ಅದು ಆಟವಾಯಿತು. ಮೊದಲು ಜೀರಿಗೆ ನೀರು: ಏನೂ ಆಗಲಿಲ್ಲ, ಕೆಡಲೂ ಇಲ್ಲ. ಅವರೆಕಾಳಿನ ಸಾರೇ ಶತ್ರು ಎಂದು ಆಣೆ ಮಾಡಿದ್ದರು. ಬಿಟ್ಟರೂ ಉರಿ ಹೋಗಲಿಲ್ಲ. ಆಮೇಲೆ ರಾತ್ರಿಯ ಊಟವನ್ನು ಸಂಜೆಗೆ ತಂದರು. ಕಾರ್ಖಾನೆಯ ಸಂಜೆಯ ಸೈರನ್ ಕೂಗಿದ ಕೂಡಲೇ ಅರ್ಧ ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ರಾತ್ರಿ ಪಾಳಿ ಇದ್ದರೆ ಅಲ್ಲಿಗೂ ಹಗುರವಾದ ಬುತ್ತಿ. ಉಂಡು ನಾಲೆಯ ಏರಿಯ ಮೇಲೆ ನಿಧಾನಕ್ಕೆ ನಡೆದು ಬರುವುದು. ಬೀದಿಯವರೆಲ್ಲ ನಕ್ಕರು. "ಏನ್ಲಾ, ಕೋಳಿ ಗೂಡಿಗ್ ಸೇರೋ ಒತ್ಗೆ ನಿನ್ ಊಟಾನೂ ಆಯ್ತದಲ್ಲಾ!"

ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಾಗ ಅತ್ತೆ ರೇಗಿದರು. "ಮಂಚನಾ ಇದು, ಜಾರುಬಂಡೆನಾ? ಬೆಳಿಗ್ಗೆ ಎದ್ದು ನೋಡುದ್ರೆ ನಾನು ನಿಮ್ ಕಾಲ್ತಾವ ಇರ್ತೀನಿ ಕಣ್ರೀ!" ಕೊನೆಗೆ ಬಿಟ್ಟದ್ದು ಹೊಗೆಸೊಪ್ಪು. ಅದಕ್ಕೆ ಮಾತ್ರ ಮಾವ ಬಹಳ ಜಗಳವಾಡಿದರು, ನನ್ನ ಹತ್ತಿರ, ಅತ್ತೆಯ ಹತ್ತಿರ, ತಮ್ಮ ಹತ್ತಿರವೂ.

ಗೋಡೆಯಾಚೆಯ ಸದ್ದು ನಿಂತಿತು. ಎಂದು ನಿಂತಿತು ಎಂದು ಹೇಳಲಾರೆ. ಒಂದು ದಿನ ಓದುತ್ತಾ ಕುಳಿತಾಗ ಆ ಕಡೆಯಿಂದ ಏನೂ ಕೇಳಿಸುತ್ತಿಲ್ಲ ಎಂಬುದು ಗಮನಕ್ಕೆ ಬಂತು... ಅಷ್ಟೇ.

ಅದೇ ಸಮಯಕ್ಕೆ ಅವರ ಮಗಳಿಗೆ ಮಳವಳ್ಳಿ ಕಡೆ ಸಂಬಂಧ ಕುದುರಿ ಮದುವೆಯಾಯಿತು. ಗಂಡಿನ ಕಡೆಯವರ ಬೀಗರೂಟ ಮಳವಳ್ಳಿಯ ಅವರ ಮನೆಯ ಮುಂದೆಯೇ, ಚಪ್ಪರದಲ್ಲಿ. ಮಧ್ಯಾಹ್ನದ ಊಟ ಮೂರರ ಮೇಲೆ ಶುರುವಾಯಿತು. ನಾನು ಮಾವನ ಎದುರು ಸಾಲಿನಲ್ಲಿ ಕುಳಿತಿದ್ದೆ. ಅವರು ಅರ್ಧ ಮುದ್ದೆ ಉಂಡು, ಎರಡು ತುಂಡು ತಿಂದು, ನಿಲ್ಲಿಸಿದರು. ಅಷ್ಟರಲ್ಲಿ ಬೀಗರು ತಾವೇ ಸೌಟು ಹಿಡಿದು ಬಂದರು.

"ಇದೇನ್ ಬೀಗ್ರೆ, ಕೋಳಿ ಕೆದಕ್ದಂಗೆ ಕೆದಕ್ತಾ ಕುಂತಿದ್ದೀರಿ? ಇಕ್ಕುಸ್ಕಳಿ!"

"ಸಾಕು ಬೀಗ್ರೆ. ನಂಗೆ ಎದೆ ಉರಿ. ಜಾಸ್ತಿ ಉಂಡ್ರೆ ಆಗಕಿಲ್ಲ."

"ಮಳವಳ್ಳಿ ಕುರಿಗೆ ಎದೆ ಉರ್ಸೋ ಬುದ್ಧಿ ಇಲ್ಲ, ಬುಡಿ!"

ಸಾಲಿನವರು ಘೊಳ್ಳೆಂದರು. ಮಾವ ಎಲೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಹಿಡಿದರು. ಬೀಗರು ಆ ಕೈಗಳ ಮೇಲೆಯೇ ಬಾಡು ಸುರಿದರು. ಬಿಸಿ ಸಾರು ಬೆರಳ ಸಂದಿಯಲ್ಲಿ ಇಳಿಯಿತು. ಮೂಳೆಯ ತುಂಡೊಂದು ಮುಂಗೈ ಮೇಲೆ ಕುಳಿತಿತ್ತು.

ನಮ್ಮ ಕಡೆ ಬೇಡ ಎನ್ನುವುದು ಊಟದ ಒಂದು ಭಾಗ. ಉಣ್ಣುವವನು ಬೇಡ ಎನ್ನಬೇಕು, ಬಡಿಸುವವನು ಸುರಿಯಬೇಕು. ಒಬ್ಬ ಮನುಷ್ಯ ನಿಜವಾಗಿಯೂ ಬೇಡ ಎಂದರೆ ಅದಕ್ಕೆ ನಮ್ಮಲ್ಲಿ ಬೇರೆ ಮಾತೇ ಇಲ್ಲ. ಅದೂ ಉಪಚಾರವಾಗಿಯೇ ಕೇಳಿಸುತ್ತದೆ, ಇಲ್ಲವೇ ಅವಮಾನವಾಗಿ.

"ಬೇಡ ಅಂದ್ರೆ ಬೇಡ ಅಂತ ಅಲ್ವಾ?" ನನ್ನ ಬಾಯಿ ಸುಮ್ಮನಿರಲಿಲ್ಲ.

"ಯಾರ್ಲಾ ಈ ಉಡ್ಗಿ?" ಬೀಗರು ತಿರುಗಿದರು.

"ನಮ್ ಪಕ್ಕದ್ಮನೆ ಲಾಯ್ರಮ್ಮ," ಎಂದರು ಮಾವ, ನಗುತ್ತಾ.

"ಲಾಯ್ರಮ್ಮಂಗೂ ಒಂದ್ ಮುದ್ದೆ ಇಕ್ರಲಾ!"

ಮತ್ತೆ ನಗು. ಆ ನಗುವಿನ ನಡುವೆ ಬೀಗಿತ್ತಿ ಎಲ್ಲರಿಗೂ ಕೇಳುವಂತೆ, "ಅವ್ರಿಗೆ ನಮ್ ಕೈ ಅಡ್ಗೆ ಇಡಿಸ್ನಿಲ್ವೇನೋ ಬುಡಿ," ಎಂದರು. ನೀರಿನ ಜಗ್ಗು ಹಿಡಿದು ಬರುತ್ತಿದ್ದ ಮಗಳು ಅಲ್ಲೇ ನಿಂತಳು. ಅಪ್ಪನ ಮುಖ ನೋಡಿದಳು. ಮಾವ ಒಂದು ಗಳಿಗೆ ಅವಳನ್ನು ನೋಡಿ, ಮುಂಗೈ ಮೇಲಿದ್ದ ತುಂಡನ್ನು ಹಾಗೇ ಬಾಯಿಗೆ ಹಾಕಿಕೊಂಡರು. ಆಮೇಲೆ ಇಕ್ಕಿದ್ದನ್ನೆಲ್ಲ ಉಂಡರು. ಬೀಗರು ಅವರ ಬೆನ್ನು ತಟ್ಟಿದರು.

ವಾಪಸು ಬರುವ ಬಸ್ಸಿನಲ್ಲಿ ಅವರು ಕೂರಲಿಲ್ಲ. ಕೂತರೆ ಹೊಟ್ಟೆ ಒತ್ತಿ ಉಕ್ಕಿ ಬರುತ್ತಿತ್ತು. ಕಂಬಿ ಹಿಡಿದು ನಿಂತು ನುಂಗುತ್ತಿದ್ದರು, ಅದೇ ಹಳೆಯ ಸದ್ದು. ಎದ್ದು ಹೋಗಬಾರದಿತ್ತಾ, ನಿಮ್ಮ ಹೊಟ್ಟೆಯ ಮೇಲೆ ಅವರಿಗೇನು ಹಕ್ಕು ಎಂದು ನಾನು ವಾದ ಹೂಡಿದೆ.

"ಸುಮ್ಕಿರವ್ವ," ಎಂದರು. "ಅವ್ಳು ಅಲ್ಲಿ ಬಾಳ್ಬೇಕು."

ಆಮೇಲೆ ಎರಡು ತಿಂಗಳಿಗೊಮ್ಮೆ ಏನಾದರೊಂದು: ಮಾರಿಹಬ್ಬ, ಸೀಮಂತ, ಮೊಮ್ಮಗನ ನಾಮಕರಣ. ಪ್ರತಿ ಸಲವೂ ಮಾವ ಎಲೆಗೆ ಕೈ ಅಡ್ಡ ಹಿಡಿದರು, ಪ್ರತಿ ಸಲವೂ ಉಂಡು ಬಂದರು. ಬಂದ ಮೇಲೆ ವಾರಗಟ್ಟಲೆ ಸೈರನ್ ಊಟ, ಇಟ್ಟಿಗೆಯ ಮಂಚ, ನಾಲೆಯ ಏರಿ. ಸರಿಹೋಗುತ್ತಿದೆ ಎನ್ನುವಾಗ ಮಳವಳ್ಳಿಯಿಂದ ಮತ್ತೊಂದು ಫೋನು...

ಅವರು ಸತ್ತದ್ದು ಲಕ್ವ ಹೊಡೆದು. ಬೀಗರೂಟ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಅದಕ್ಕೆ ನನ್ನ ಬಳಿ ಪುರಾವೆಯಿಲ್ಲ. ನನ್ನ ಆರೋಪ ಚಿಕ್ಕದು. ಆ ಮನುಷ್ಯನಿಗೆ ತನ್ನ ಉರಿ ಹೇಗೆ ಆರುತ್ತದೆ ಎಂದು ಗೊತ್ತಿತ್ತು. ಅದಕ್ಕೆ ಬೇಕಾದದ್ದೆಲ್ಲ ಮನೆಯಲ್ಲೇ ಇತ್ತು. ಪ್ರೀತಿ ಎಂಬ ಹೆಸರಿನಲ್ಲಿ ಬಡಿಸುವವರು ಆ ನೆಮ್ಮದಿಯನ್ನು ಅವರಿಗೆ ಉಳಿಸಲಿಲ್ಲ.

ತಿಥಿಯ ದಿನ ಅತ್ತೆ ತಾವೇ ಎಡೆ ಇಟ್ಟರು, ಅರ್ಧ ಮುದ್ದೆ ಮತ್ತು ಸೊಪ್ಪಿನ ಸಾರು. ಬೀಗರು ಅದನ್ನು ನೋಡಿ, "ಇದೇನವ್ವ ಇಷ್ಟೇಯಾ? ನಮ್ ಬೀಗ್ರು ಎಂಗ್ ಉಣ್ಣೋರು!" ಎಂದರು.

"ಅವ್ರು ಇಷ್ಟೇ ಉಣ್ಣೋದು ಕಣಣ್ಣ," ಎಂದರು ಅತ್ತೆ.

ಬೀಗರಿಗೆ ಅದೂ ಉಪಚಾರದ ಮಾತಾಗಿ ಕೇಳಿಸಿತು. ಬಾಡು ತಂದು ಮುದ್ದೆ ಮುಚ್ಚುವಂತೆ ಸುರಿದರು. ವಡೆ, ಕಾಫಿ, ಎಲೆ ಅಡಿಕೆ, ಹೊಗೆಸೊಪ್ಪು, ಅವರನ್ನು ಸುಟ್ಟದ್ದೆಲ್ಲ ಒಂದೊಂದಾಗಿ ಫೋಟೋದ ಮುಂದೆ ಬಂತು. ಅಡ್ಡ ಹಿಡಿಯಲು ಈಗ ಕೈಯೂ ಇರಲಿಲ್ಲ.

ಮದ್ದೂರಿನಲ್ಲಿ ಅದೇ ಬೀಗರು ಪೊಟ್ಟಣ ಹರಿದು ಕುಡಿದು ನನ್ನ ಮುಖಕ್ಕೇ ತೇಗಿದರು. "ಏನ್ ಲಾಯ್ರಮ್ಮ, ನಿಮ್ ಮಾವ ಇದ್ದಿದ್ರೆ ಇವತ್ತು ಚೆನ್ನಾಗಿ ಉಣ್ಣೋರು!" ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ್ದೇನೆ. ಆದರೆ ಈ ಬೀಗರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಬೀಡಾ ಕೂಡ ತೆಗೆದುಕೊಳ್ಳದೆ ಹೊರಗೆ ಬಂದೆ.

ಊರಿಗೆ ಬಂದು ಪಕ್ಕದ ಮನೆಗೆ ಹೋದಾಗ ಸಂಜೆ. ಊಟಕ್ಕೆ ಬಾರದೆ ಮನೆಯಲ್ಲೇ ಉಳಿದಿದ್ದ ಅತ್ತೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಒಳಗೆ ಆ ಮಂಚ ಇನ್ನೂ ಓರೆಯಾಗಿಯೇ ಇದೆ; ಇಟ್ಟಿಗೆಗಳನ್ನು ಅವರು ತೆಗೆದಿಲ್ಲ. ಕಾರ್ಖಾನೆಯ ಸೈರನ್ ಕೂಗಿತು. ಅವರು ಕೈ ಒರೆಸಿಕೊಂಡು ಒಳಗೆ ಬಂದು ಒಂದು ತಟ್ಟೆ ತೆಗೆದು, ಇನ್ನೊಂದರ ಮೇಲೆ ಕೈ ಇಟ್ಟು ನನ್ನತ್ತ ನೋಡಿದರು.

"ಉಣ್ತೀಯಾ ಮಗ?"

"ಬೇಡ ಅತ್ತೆ."

"ಊಂ," ಎಂದು ಆ ತಟ್ಟೆಯ ಮೇಲಿನ ಕೈ ತೆಗೆದರು. ಎರಡನೇ ಸಲ ಕೇಳಲಿಲ್ಲ.