ತಾನಾಗಿ ಹಸಿರಾದ ಪರೀಕ್ಷೆ

೨೦೦೬ರಲ್ಲಿ ನಾನು ಹುಣಸೂರಿನಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯ ಟೆಸ್ಟ್ ಇಂಜಿನಿಯರ್ ಆಗಿದ್ದೆ. ಮುಖ್ಯ ಕಚೇರಿ ಮೈಸೂರಿನಲ್ಲಿತ್ತು. ನಮ್ಮ ಘಟಕ ಮಾತ್ರ ಹುಣಸೂರಿನ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಕೀಟನಾಶಕದ ವಾಸನೆ ಬರುತ್ತಿದ್ದರಿಂದ ಕಿಟಕಿ ತೆರೆಯುವಂತಿರಲಿಲ್ಲ. ಕೆ.ಆರ್. ನಗರದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಕಂಪನಿ ಹಳ್ಳಿಗಳ ಕುಡಿಯುವ ನೀರಿನ ಪಂಪುಗಳಿಗೆ ಆಟೋ ಸ್ಟಾರ್ಟರ್ ತಯಾರಿಸುತ್ತಿತ್ತು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ; ಬಂದ ತಕ್ಷಣ ಮೋಟರನ್ನು ತಾನೇ ಚಾಲೂ ಮಾಡುವ ಪೆಟ್ಟಿಗೆ ಅದು. ಅದರೊಳಗಿನ ಬೋರ್ಡಿನಲ್ಲಿ ನಮ್ಮದೇ ಒಂದು ಲೈಬ್ರರಿ ಇತ್ತು. ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಂಗಳು ತಮ್ಮ ಕೆಲಸಕ್ಕೆ ಬಳಸಿಕೊಳ್ಳುವ ಕೋಡಿನ ಕಟ್ಟು. ಸಮಯ ನೋಡುವುದು, ಇಂತಿಷ್ಟು ಹೊತ್ತು ಕಾಯುವುದು, ಸ್ವಿಚ್ಚು ಹಾಕುವುದು, ಆರಿಸುವುದು ಎಲ್ಲ ಅದರ ಪಾಲಿನ ಕೆಲಸ. ವಿಂಡೋಸ್, ಲಿನಕ್ಸ್ ಮತ್ತು ಈ ಬೋರ್ಡು, ಮೂರರಲ್ಲೂ ಅದು ಒಂದೇ ರೀತಿ ನಡೆದುಕೊಳ್ಳಬೇಕಿತ್ತು.

ಅದು ಹಾಗೆ ನಡೆದುಕೊಳ್ಳುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಒಮ್ಮೆ, ಮತ್ತೆ ಯಾರಾದರೂ ಕೋಡಿನ ಒಂದು ಸಾಲು ಬದಲಿಸಿದಾಗಲೆಲ್ಲ, ಮೂರೂ ಯಂತ್ರಗಳಲ್ಲಿ ಪರೀಕ್ಷೆಗಳು ತಾವಾಗಿಯೇ ಓಡುವ ವ್ಯವಸ್ಥೆ ಮಾಡಿದ್ದೆ. ಇದಕ್ಕೆ ಕಂಟಿನ್ಯುಯಸ್ ಇಂಟಿಗ್ರೇಷನ್ ಎನ್ನುತ್ತಾರೆ. ಪಾಸಾದರೆ ಪರದೆಯ ಮೇಲೆ ಹಸಿರು, ಫೇಲಾದರೆ ಕೆಂಪು. ಹುಣಸೂರಿನಲ್ಲಿ ಕರೆಂಟು ಹೋದಾಗಲೆಲ್ಲ ಕಂಪ್ಯೂಟರುಗಳು ಆರಿ ಮತ್ತೆ ಶುರುವಾಗುತ್ತಿದ್ದವು. ಬೋರ್ಡು ಮಾತ್ರ, ಹಳ್ಳಿಗೆ ಹೋಗಬೇಕಿದ್ದ ಪೆಟ್ಟಿಗೆಗಳಲ್ಲಿರುವಂತೆಯೇ, ಬ್ಯಾಟರಿಯ ಮೇಲೆ ಬಿಡುವಿಲ್ಲದೆ ನಡೆಯುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆ ಬೋರ್ಡಿನ ಒಂದು ಪರೀಕ್ಷೆ ಕೆಂಪಾಗಿತ್ತು. ಅದು ರಿಪೇರಿ ಬಟನ್ನಿನ ಪರೀಕ್ಷೆ. ಬಟನ್ ಒತ್ತಿದರೆ ಒಂದು ಇಡೀ ದಿನ, ಕರೆಂಟು ಬಂದರೂ ಮೋಟರು ತಿರುಗದಂತೆ ಬೀಗ ಬೀಳಬೇಕು. ಆವತ್ತು ಒತ್ತಿದ ಮರುಕ್ಷಣವೇ ಬೀಗ ಬಿಟ್ಟುಕೊಂಡಿತ್ತು. ಮತ್ತೆ ಓಡಿಸಿದೆ, ಕೆಂಪು. ಸಂಜೆಯವರೆಗೂ ಕೆಂಪೇ. ಮರುದಿನ ಬಂದು ನೋಡಿದರೆ ಯಾರೂ ಏನೂ ಮುಟ್ಟದೆ ಹಸಿರಾಗಿತ್ತು.

ಘಟಕದ ಮ್ಯಾನೇಜರ್ ಪ್ರಭಾಕರ್ ಕೆಟ್ಟವರೇನಲ್ಲ. ಬೇಸಿಗೆ ಹತ್ತಿರವಾಗಿತ್ತು, ಪೆಟ್ಟಿಗೆಗಳಿಗಾಗಿ ಹಳ್ಳಿಗಳಿಂದ ದಿನವೂ ಫೋನು ಬರುತ್ತಿತ್ತು.

“ನಿನ್ನೆ ಕೆಂಪು, ಇವತ್ತು ಹಸಿರು. ಕೋಡು ಅದೇ ತಾನೇ? ಹಾಗಾದ್ರೆ ತಪ್ಪು ನಿಮ್ಮ ಬೋರ್ಡಿನದು ನಾಗರತ್ನ,” ಎಂದರು.

“ಅದೇ ಕೋಡು ಎರಡು ಉತ್ತರ ಕೊಟ್ಟಿದೆಯಲ್ಲ ಸರ್, ನನಗೆ ಭಯ ಆಗ್ತಿರೋದೇ ಅದಕ್ಕೆ. ಕಾರಣ ಸಿಗೋವರೆಗೆ ಕಳಿಸಬೇಡಿ.”

“ಜನ ನೀರಿಗೆ ಕಾಯ್ತಿದ್ದಾರೆ. ಒಂದು ಟೆಸ್ಟಿಗೋಸ್ಕರ ನಿಲ್ಲಿಸೋಕಾಗಲ್ಲ.”

ಲೈಬ್ರರಿಯ ಸಮಯದ ಭಾಗ ಬರೆದವನು ಮಹದೇವ. ಕಂಪಲಾಪುರದ ಹುಡುಗ, ನನ್ನನ್ನು ಅಕ್ಕ ಎನ್ನುತ್ತಿದ್ದ. ಕಾರಣ ಹುಡುಕಲು ಅವನು ಒಂದು ವಾರ ಒದ್ದಾಡಿದ. ಪ್ರತಿ ಸಲವೂ ಬೋರ್ಡಿಗೆ ಹೊಸದಾಗಿ ಪ್ರೋಗ್ರಾಂ ಹಾಕುತ್ತಿದ್ದ, ಪ್ರತಿ ಸಲವೂ ಹಸಿರೇ ಬರುತ್ತಿತ್ತು. ಕೊನೆಗೆ ಪ್ರಭಾಕರ್ ಆ ಪರೀಕ್ಷೆಯನ್ನು ಪಟ್ಟಿಯಿಂದ ತೆಗೆಸಿದರು. ಮಾರ್ಚ್ ಕೊನೆಗೆ ಪೆಟ್ಟಿಗೆಗಳು ಹಳ್ಳಿಗಳಿಗೆ ಹೋದವು.

ಬಿಳಿಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪೆಟ್ಟಿಗೆ ಕೂರಿಸಲು ಮಹದೇವನೇ ಹೋಗಿದ್ದ. ಅಲ್ಲಿನ ನೀರುಗಂಟಿ ಚಿಕ್ಕಣ್ಣನಿಗೆ ಎಲ್ಲ ತೋರಿಸಿಕೊಟ್ಟ. ಊರಿಗೆ ನೀರು ಬಿಡುವ ಕೆಲಸ ಚಿಕ್ಕಣ್ಣನದು. ಕೆರೆಯ ಪಕ್ಕದ ಬಾವಿಯಲ್ಲಿ ಬೆಲ್ಟಿನಿಂದ ಓಡುವ ಹಳೆಯ ಪಂಪು. ರಿಪೇರಿಗೆ ಕೈ ಹಾಕುವ ಮುಂಚೆ ಫ್ಯೂಸು ಕೀಳುವುದು ಅವನ ರೂಢಿ. ಕಂಪನಿ ಹೇಳಿಕೊಡಲು ಹೇಳಿದಂತೆ ಮಹದೇವ, “ಇನ್ಮೇಲೆ ಫ್ಯೂಸ್ ಕೀಳೋದೇ ಬ್ಯಾಡ, ಈ ಬಟನ್ ಒತ್ತಿದ್ರೆ ಸಾಕು,” ಎಂದಿದ್ದ.

“ಕರೆಂಟ್ ಕಾಯ್ಕಂಡು ಕೂರೋದು ತಪ್ತು ಬುಡಿ ಸಾ,” ಎಂದು ಚಿಕ್ಕಣ್ಣ ಎಳನೀರು ಕೆತ್ತಿಕೊಟ್ಟನಂತೆ.

ಮೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ಕಳಚಿಕೊಂಡ ಬೆಲ್ಟನ್ನು ಮತ್ತೆ ಏರಿಸುತ್ತಿದ್ದಾಗ ತ್ರೀ ಫೇಸ್ ಬಂತು. ಮೋಟರು ತಿರುಗಿತು. ಚಿಕ್ಕಣ್ಣನ ಹೆಗಲ ಮೇಲಿನ ಟವೆಲು ಬೆಲ್ಟಿಗೆ ಸಿಕ್ಕಿ ಅವನನ್ನೂ ಎಳೆದುಕೊಂಡಿತು. ಮೈಸೂರಿಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು.

ಸುದ್ದಿ ಫೋನಿನಲ್ಲಿ ಬಂತು. ಫೋನು ಎತ್ತಿದ್ದು ಮಹದೇವ. ಮೈಸೂರಿನಿಂದ ಸಂಜೆಯೊಳಗೆ ಕಂಪನಿಯ ಮಾತೂ ಬಂತು: ನೀರುಗಂಟಿ ಬಟನ್ ಒತ್ತಿರಲಿಲ್ಲ, ಅವನ ಅಜಾಗರೂಕತೆಯೇ ಕಾರಣ.

ಮರುದಿನ ನಾವಿಬ್ಬರೂ ಆ ಮನೆಗೆ ಹೋದೆವು. ಚಿಕ್ಕಣ್ಣನ ಹೆಂಡತಿ ಕೆಂಪಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಊಟ ಕೊಡಲು ತಾವು ಪಂಪಿನ ಮನೆಗೆ ಹೋದಾಗಲೇ ಅವನು ಬಟನ್ ಒತ್ತಿದ್ದನೆಂದರು.

“ನಾನೇ ನೋಡಿವ್ನಿ ಕಣವ್ವ. ಒತ್ಬುಟ್ಟೇ ಬೆಲ್ಟಿಗೆ ಕೈ ಇಕ್ಕುದ್ರು. ಈಗ ನೋಡುದ್ರೆ ಎಲ್ರೂ ಅವ್ರುದೇ ತಪ್ಪು ಅಂತಾವ್ರೆ. ಸತ್ತೋರ್ ಮ್ಯಾಲೆ ಯಾಕವ್ವ ತಪ್ಪು ಆಕ್ತೀರಿ ಅಂಗೆ?”

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ. “ಆ ಪೆಟ್ಟಿಗೆ ಕೂರಿಸಿ ಎಷ್ಟು ದಿನ ಆಯ್ತು ಮಹದೇವ?”

“ಏಳು ವಾರ ಆಗಿರ್ಬೇಕು ಅಕ್ಕ.”

ನಾನು ಬೆರಳು ಮಡಿಸಿ ವಾರ ಎಣಿಸಿದೆ. ನಮ್ಮ ಬೋರ್ಡಿಗೆ ಹೊಸ ಬ್ಯಾಟರಿ, ಪ್ರೋಗ್ರಾಂ ಹಾಕಿ ಕೊನೆಯ ಸಲ ಮೊದಲಿನಿಂದ ಶುರುಮಾಡಿದ್ದು ಜನವರಿಯಲ್ಲಿ. ಅದು ಕೆಂಪಾಗಿದ್ದೂ ಸುಮಾರು ಏಳು ವಾರದ ಮೇಲೆಯೇ.

ಆ ಬೋರ್ಡಿನ ಗಡಿಯಾರ ಶುರುವಾದ ಕ್ಷಣದಿಂದ ಮಿಲಿಸೆಕೆಂಡುಗಳನ್ನು ಎಣಿಸುತ್ತದೆ. ಎಣಿಕೆ ಬರೆದಿಡಲು ಇರುವುದು ಮೂವತ್ತೆರಡು ಬಿಟ್ಟುಗಳಷ್ಟು ಜಾಗ, ಅಂದರೆ ನಾನೂರು ಕೋಟಿ ಚಿಲ್ಲರೆಯವರೆಗೆ ಎಣಿಸಲು ಸಾಲುವಷ್ಟು. ಏಳು ವಾರಕ್ಕೆ ಅದು ತುಂಬಿ, ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರಿನಂತೆ, ಸೊನ್ನೆಗೆ ತಿರುಗುತ್ತದೆ. ಬಟನ್ ಒತ್ತಿದಾಗ ಪ್ರೋಗ್ರಾಂ ಈಗಿನ ಎಣಿಕೆಗೆ ಒಂದು ದಿನವನ್ನು ಕೂಡಿಸಿ, ಬೀಗ ಬಿಡುವ ಹೊತ್ತನ್ನು ಗೊತ್ತುಮಾಡುತ್ತಿತ್ತು. ತುಂಬುವ ಹಿಂದಿನ ದಿನ ಒತ್ತಿದರೆ ಕೂಡಿಸಿದ ಮೊತ್ತವೇ ಸೊನ್ನೆ ದಾಟಿ ಚಿಕ್ಕ ಸಂಖ್ಯೆಯಾಗುತ್ತದೆ. ಆ ಹೊತ್ತು ಆಗಲೇ ಕಳೆದುಹೋಯಿತೆಂದು ತಿಳಿದು ಯಂತ್ರ ಬೀಗ ಬಿಡುತ್ತದೆ. ಏಳು ವಾರಕ್ಕೊಮ್ಮೆ, ಒಂದು ದಿನ ಮಾತ್ರ. ಮಹದೇವ ಹೊಸ ಪ್ರೋಗ್ರಾಂ ಹಾಕಿದಾಗಲೆಲ್ಲ ಎಣಿಕೆ ಮೊದಲಿನಿಂದ ಶುರುವಾಗುತ್ತಿತ್ತು. ಹಾಗಾಗಿ ಎಷ್ಟು ಹುಡುಕಿದರೂ ಅವನ ಕೈಗೆ ಸಿಗಲಿಲ್ಲ.

ಎಣಿಕೆ ಕೊನೆಯ ಹತ್ತಿರದಿಂದಲೇ ಶುರುವಾಗುವಂತೆ ಒಂದು ಪರೀಕ್ಷೆ ಬರೆದೆವು. ಓಡಿಸಿದಷ್ಟು ಸಲವೂ ಕೆಂಪು. ಮಹದೇವ ಅಳಲಿಲ್ಲ. ಬೈಕು ತೆಗೆದುಕೊಂಡು ಹೋಗಿ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳೂ ಸೇರಿ, ಪೆಟ್ಟಿಗೆ ಇದ್ದ ಕಡೆಯಲ್ಲೆಲ್ಲ ಅದನ್ನು ತಾನೇ ಬಿಚ್ಚಿಟ್ಟು ಬಂದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ತನಿಖೆಗೆ ಬಂದ ವಿದ್ಯುತ್ ಅಧಿಕಾರಿಗೆ ನಾನೇ ಹೋಗಿ ವಿಷಯ ತಿಳಿಸಿದೆ. ಹಿಂದಿನ ದಿನ ಪ್ರಭಾಕರ್ ನನ್ನನ್ನು ಕರೆದು, “ಇದರಿಂದ ಈ ಘಟಕವೇ ಮುಚ್ಚುತ್ತೆ. ಇಲ್ಲಿರೋ ಎಲ್ಲರ ಅನ್ನ ಹೋಗುತ್ತೆ, ಯೋಚನೆ ಮಾಡಿ,” ಎಂದಿದ್ದರು. ಅವರು ಹೇಳಿದ್ದು ನಿಜವಾಗಿತ್ತು.

ಅಧಿಕಾರಿಯ ಮೇಜಿನ ಮೇಲೆ ಅದೇ ಮಾದರಿಯ ಪೆಟ್ಟಿಗೆ ಇಟ್ಟು, ಮೋಟರಿನ ಬದಲು ಒಂದು ಬಲ್ಬು ಜೋಡಿಸಿದೆ. ಕೆಂಪಮ್ಮನೂ ಊರಿನ ಇನ್ನಿಬ್ಬರೂ ಬಾಗಿಲ ಬಳಿ ನಿಂತಿದ್ದರು. ಮೊದಲ ಸಲ ಬಟನ್ ಒತ್ತಿ ಕರೆಂಟು ಕೊಟ್ಟೆ, ಬಲ್ಬು ಹತ್ತಲಿಲ್ಲ. ಆಮೇಲೆ ಎಣಿಕೆಯನ್ನು ಏಳನೆಯ ವಾರದ ಕೊನೆಗೆ ತಂದು, ಅಧಿಕಾರಿಯ ಕೈಯಿಂದಲೇ ಬಟನ್ ಒತ್ತಿಸಿ ಕರೆಂಟು ಕೊಟ್ಟೆ. ಬಲ್ಬು ಹತ್ತಿತು.

ಕೆಂಪಮ್ಮ ಮುಂದೆ ಬಂದು ಉರಿಯುವ ಬಲ್ಬನ್ನೇ ನೋಡುತ್ತ ನಿಂತರು. “ಇಂಗೇನಾ ಆಗಿದ್ದು?” ಎಂದು ಕೇಳಿದರು. ಹೌದೆಂದೆ. “ಆರುಸ್ಬುಡವ್ವ,” ಎಂದರು. ಆರಿಸಿದೆ.

ಚಿಕ್ಕಣ್ಣನ ತಪ್ಪಿರಲಿಲ್ಲ ಎಂದು ವರದಿಯಾಯಿತು. ಕೋಡಿನ ತಿದ್ದುಪಡಿ ಒಂದೇ ಸಾಲಿನದು. ಮಳೆಗಾಲ ಮುಗಿಯುವ ಮುಂಚೆ ಹುಣಸೂರಿನ ಘಟಕ ಮುಚ್ಚಿತು. ಮಹದೇವ ಕಂಪಲಾಪುರದಲ್ಲಿ ಪೈಪು, ನಲ್ಲಿಗಳ ಅಂಗಡಿ ಹಾಕಿದ. ಮತ್ತೆ ಕೋಡು ಬರೆಯಲಿಲ್ಲ. “ನನ್ ಕೈಲಿ ಆಗಕಿಲ್ಲ ಅಕ್ಕ,” ಎಂದಷ್ಟೇ ಹೇಳಿದ. ನಾನೂ ಒತ್ತಾಯಿಸಲಿಲ್ಲ.

ನಾನು ಅದೇ ವೃತ್ತಿಯಲ್ಲಿ ಉಳಿದೆ, ಬೇರೆ ಬೇರೆ ಕಂಪನಿಗಳಲ್ಲಿ. ಪರೀಕ್ಷೆ ಒಮ್ಮೆ ಫೇಲಾಗಿ ಮತ್ತೆ ಓಡಿಸಿದಾಗ ಪಾಸಾದರೆ ಕಿರಿಯರು ನೆಮ್ಮದಿಯಿಂದ ಬಂದು ಹೇಳುತ್ತಾರೆ. ಕಾರಣ ತಿಳಿಯದೆ ಸರಿಹೋದದ್ದು ಸರಿಹೋಗಿಲ್ಲ, ಕಣ್ಣಿಗೆ ಕಾಣದ ಕಡೆಗೆ ಸರಿದಿದೆ ಅಷ್ಟೇ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಆದರೆ ನಾನು ಅದನ್ನು ಉಪದೇಶ ಮಾಡಲು ಹೋಗುವುದಿಲ್ಲ. ಅವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, “ಮೊದಲನೇ ಸಲ ಯಾಕೆ ಫೇಲಾಯ್ತು?” ಎಂದು ಕೇಳುತ್ತೇನೆ. ಉತ್ತರ ಸಿಗುವವರೆಗೆ ಏಳುವುದಿಲ್ಲ.