ಮೂರನೆಯ ಕರೆ

ನಮ್ಮ ತೆಕ್ಕಟ್ಟೆಯ ಹರಿಣಾಕ್ಷಿ ಅಕ್ಕ ಜಪಾನಿನ ಅಜ್ಜಿಯಾದದ್ದು ನನ್ನಿಂದಲೇ. ಮೊಣಕಾಲು ಕೈಕೊಟ್ಟು ಮೀನು ಮಾರುವುದನ್ನು ಬಿಟ್ಟ ಮೇಲೂ ಅವಳು ಅಂಗಳದಲ್ಲಿ ನಿಂತು ಕೂಗಿದರೆ ಹೆದ್ದಾರಿಯವರೆಗೆ ಕೇಳುತ್ತಿತ್ತು. ನಾನು ಕುಂದಾಪುರದಲ್ಲಿ ಲೀಲಾಧರನ ಡಬ್ಬಿಂಗ್ ಕಂಪನಿಗೆ ಮಾತು ಬರೆಯುವವನು. ಅನಿಮೆ ಎಂಬ ಜಪಾನಿ ಕಾರ್ಟೂನೊಂದರ ಅಜ್ಜಿಗೆ ಕನ್ನಡದ ದನಿ ಹುಡುಕುತ್ತಿದ್ದರು. ನಮ್ಮ ಪಕ್ಕದ ಮನೆಯಲ್ಲೇ ಇದೆಯಲ್ಲ ಎಂದು ಅವಳನ್ನು ಕರೆದುಕೊಂಡು ಹೋದೆ.

ಗಂಡ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ, ಮಕ್ಕಳೂ ಇಲ್ಲ. ಮೈಕಿನ ಮುಂದೆ "ಮಗಾ, ಬಾ" ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ಅನಿಮೆಯ ಆ ಅಜ್ಜಿ ಮುಸ್ಸಂಜೆ ಗದ್ದೆಯಂಚಿನಲ್ಲಿ ನಿಂತು ಮೊಮ್ಮಗನನ್ನು ಒಂದು ಸಲ ಕರೆಯುತ್ತಾಳೆ, ಅವನು ಓಡಿ ಬರುತ್ತಾನೆ. ಹರಿಣಾಕ್ಷಿ ಅಕ್ಕ ಸುತರಾಂ ಒಪ್ಪಲಿಲ್ಲ.

"ಕತ್ಲಿ ಹೊತ್ತಿಗೆ ಒಂದ್ ಸಲ ಕರದ್ರೆ ಓ ಅಂಬುಕಾಗ ಮಾರಾಯ. ದೆವ್ವ ಒಂದೇ ಸಲ ಕರೂದ್. ಮನ್ಷರಾರೆ ಮೂರ್ ಸಲ ಕರಿತ್ರ್."

ಅಜ್ಜಿಯ ಬೆನ್ನು ಮಾತ್ರ ಕಾಣುತ್ತಿತ್ತು, ತುಟಿಗೆ ಹೊಂದಿಸುವ ತಾಪತ್ರಯವಿರಲಿಲ್ಲ. ಅವಳು ಮೂರು ಸಲ ಕರೆದಳು. ನಮಗ್ಯಾರಿಗೂ ಅದು ತಪ್ಪೆನಿಸಲಿಲ್ಲ, ಕತ್ತಲಲ್ಲಿ ಒಂದೇ ಕರೆಗೆ ಓಗೊಡಬಾರದು ಎಂದು ಕೇಳಿಕೊಂಡೇ ನಾವೆಲ್ಲ ಬೆಳೆದವರು.

ಅನಿಮೆ ಬಂದ ಮೇಲೆ ಮಕ್ಕಳಿಗೆ ಅದೇ ಆಟ. ನನ್ನ ಮಗಳು ಶ್ರಾವ್ಯ ದಿನಾ ಸಂಜೆ ಅಕ್ಕನ ಬೇಲಿಯ ಬಳಿ ನಿಂತು ಅದೇ ರಾಗದಲ್ಲಿ ಮೂರು ಸಲ "ಅಜ್ಜೀ" ಎನ್ನುವಳು. ಮೂರನೆಯದಕ್ಕೆ ಒಳಗಿಂದ "ಓ" ಬರುತ್ತಿತ್ತು. ಇಡೀ ದಿನದಲ್ಲಿ ಅವಳನ್ನು ಕರೆಯುವವರು ಬೇರೆ ಯಾರಿದ್ದರು?

ಅಷ್ಟರಲ್ಲಿ, ನಮಗೆ ಡಬ್ಬಿಂಗ್ ಹಕ್ಕು ಕೊಟ್ಟ ಮುಂಬೈ ಕಂಪನಿ ದಾವೆ ಹೂಡಿತು. ಮೂಲದಲ್ಲಿಲ್ಲದ ಮಾತು ಸೇರಿಸಿ ಕರಾರು ಮುರಿದಿದ್ದೀರಿ ಎಂದಿತು. ರಾಜಿಯಾದರೆ ಆ ಎರಡು ಕರೆ ಮಾತ್ರವಲ್ಲ, ಅಜ್ಜಿಯ ದನಿಯನ್ನೇ ಪೂರ್ತಿ ತೆಗೆದು ಬೇರೆಯವರಿಂದ ಹೇಳಿಸಬೇಕು. ಹೋರಾಡಿದರೆ ತೀರ್ಪಿನವರೆಗೆ ಹೊಸ ಕೆಲಸ ಸಿಗದು, ಕಂಪನಿ ಮುಚ್ಚಿದಂತೆಯೇ.

ನನಗೆ ಮೈಯೆಲ್ಲ ಉರಿಯಿತು. ಲೀಲಾಧರ ರಾಜಿಯ ಕಾಗದವನ್ನೇ ತಿರುವಿ ನೋಡುತ್ತಿದ್ದ. ಕೊನೆಗೆ ಇಬ್ಬರೂ ಅವಳ ಜಗಲಿಗೇ ಹೋದೆವು.

"ಬಿಡೂಕಾಗ ಅಕ್ಕ, ಕೇಸ್ ನಡ್ಸುವ. ಮೂರ್ ಸಲ ಎಂತಕ್ಕೆ ಕರದ್ದ್ ಅಂದೇಳಿ ನೀ ಕೋರ್ಟಿಗ್ ಬಂದ್ ಹೇಳಿರೆ ಸಾಕ್" ಎಂದೆ.

ಅವಳು ಒಪ್ಪಲಿಲ್ಲ. "ಕಂಪ್ನಿ ಬಾಗ್ಲ್ ಹಾಕ್ರೆ ನಿಮ್ ಮಕ್ಳ್ ಎಂತ ತಿಂಬುದ್? ರಾಜಿ ಮಾಡ್ಕಣಿ. ನಂಗೆ ಸ್ವರ ಎಂತಕ್ಕೆ, ಯಾರನ್ನ್ ಕರೂಕಿತ್ತ್?"

ಲೀಲಾಧರನಿಗೆ ಹೋದ ಜೀವ ಬಂದಂತಾಯಿತು. ನನಗೆ ಅವನ ಮೇಲೆ ಸಿಟ್ಟು ಬಂತು. ಒಳಗೊಳಗೇ ನನಗೂ ಹಾಯೆನಿಸಿತಲ್ಲ, ಅದಕ್ಕೆ ನನ್ನ ಮೇಲೆ ಇನ್ನೂ ಸಿಟ್ಟು ಬಂತು.

ಹೊಸ ಅಜ್ಜಿಯ ದನಿ ಸಕ್ಕರೆ ಪಾಕ. ಒಂದೇ ಸಲ ಕರೆಯುತ್ತಾಳೆ, ಹುಡುಗ ಓಡಿ ಬರುತ್ತಾನೆ. ಮಕ್ಕಳ ಆಟದಲ್ಲೂ ಈಗ ಒಂದೇ ಕರೆ, ಅವರಿಗೇನು.

ಮೊನ್ನೆ ಸಂಜೆ ಶ್ರಾವ್ಯ ಹೋದಷ್ಟೇ ಬೇಗ ವಾಪಸ್ಸು ಬಂದಳು. "ಅಜ್ಜಿ ಮನಿಯಗೆ ಇಲ್ಲೆ ಅಪ್ಪ. ಕರ್ದೆ, ಓ ಅಂದಿಲ್ಲೆ."

ಬೇಲಿ ದಾಟಿ ಓಡಿದೆ. ಹರಿಣಾಕ್ಷಿ ಅಕ್ಕ ದೀಪ ಹಾಕಿ ಬಾಗಿಲ ಹಿಂದೆಯೇ ಕೂತಿದ್ದಳು, ಶ್ರಾವ್ಯಳಿಗೆಂದು ತೆಗೆದಿಟ್ಟ ಬಾಳೆಹಣ್ಣು ಕೈಯಲ್ಲೇ ಇತ್ತು.

"ಹೆಣ್ ಬಂದಿತ್ತ್" ಎಂದಳು. "ಒಂದ್ ಸಲ ಕರದ್ದ್ ಗೊತ್ತಾಯ್ತ್. ಇನ್ನೆರ್ಡ್ ಸಲ ಕರಿತ್ತ್ ಅಂದೇಳಿ ಕೂಕಂಡಿದ್ದೆ."