ಬದುವಿನ ಮೇಲಿನ ಕಲ್ಲುಹೂವು

ಬಂಡೆಗಲ್ಲಿನ ಮೇಲಿನ ಕಿತ್ತಳೆ ಬಣ್ಣದ ಕಲೆಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಯಾರೋ ಎಲೆಯಡಿಕೆ ಉಗುಳಿದ್ದಾರೆಂದು ಮೂಗು ಮುರಿದು ಮುಂದೆ ಹೋಗುತ್ತಾರೆ. ಅದು ಕಲ್ಲುಹೂವು, ಕಲ್ಲನ್ನೇ ನೆಲೆಯಾಗಿಸಿಕೊಂಡ ಜೀವಿ ಎಂದು ಹೇಳಹೊರಟರೆ, ಹೇಳುವವನನ್ನೇ ಎರಡನೆಯ ಸಲ ನೋಡುತ್ತಾರೆ. ಕೊಟ್ಟೂರಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ ಅಂಥ ದೃಷ್ಟಿಪಾತಗಳು ಅಭ್ಯಾಸವಾಗಿವೆ.

ಹೋದ ಚಳಿಗಾಲದಲ್ಲಿ ದೂರದ ಸಸ್ಯಸಂಗ್ರಹಾಲಯವೊಂದು ನಮ್ಮ ಸೀಮೆಯ ಕಲ್ಲುಹೂವಿನ ಮಾದರಿ ಕೇಳಿತೆಂದು, ಉಳಿ ಸುತ್ತಿಗೆ ಹಿಡಿದು ಉಜ್ಜಿನಿ ಕಡೆಯ ಎರಡು ಹೊಲಗಳ ನಡುವಿನ ಬದುವಿನಲ್ಲಿ, ಬಂಡೆಯೊಂದರ ಮುಂದೆ ಕೂತಿದ್ದೆ. "ನಮ್ಮ ಬಂಡಿ ಮುಟ್ಟಬ್ಯಾಡ್ರಿ!" ಎಂಬ ಕೂಗು ಬಂತು. ಸುತ್ತ ನೋಡಿದೆ, ಎತ್ತಿಲ್ಲ, ಗಾಲಿಯಿಲ್ಲ, ಬಂಡಿಯೇ ಇಲ್ಲ. ನಮ್ಮ ಕಡೆಯ ಬಾಯಲ್ಲಿ ಬಂಡೆಯೂ ಬಂಡಿಯಾಗುತ್ತದೆಂದು ಈ ಪಂಡಿತನಿಗೆ ಹೊಳೆಯುವಷ್ಟರಲ್ಲಿ ಹೊಲದೊಡತಿ ಕೊಟ್ರವ್ವ ಎದುರಿಗೇ ನಿಂತಿದ್ದಳು. ಒಂದು ಚೂರು ತೆಗೆದು, ಸ್ಥಳದ ಹೆಸರು ಬರೆದು, ಬಹುಕಾಲ ಜೋಪಾನವಾಗಿ ಇಡುತ್ತಾರೆಂದು ವಿವರಿಸಿದೆ.

"ಹಂಗಾದ್ರ ಕೊಟ್ರವ್ವನ ಬಂಡಿ ಅಂತ ಬರ್ಕೊಳ್ರಿ."

"ಅರ್ಧ ನಂದೈತಿ ಸರಾ," ಎಂದಿತು ಬದುವಿನಾಚೆಯ ದನಿ. ಅವಳು ಹುಲಿಗೆವ್ವ, ಕೊಟ್ರವ್ವನ ಮೈದುನನ ಹೆಂಡತಿ. ಹೊಲ ಪಾಲಾದಾಗಿನಿಂದ ಇಬ್ಬರ ನಡುವೆ ಮಾತಿಲ್ಲವಂತೆ. ಕೈಗೆಟುಕುವ ಅಂತರದಲ್ಲಿ ನಿಂತೂ ನನ್ನ ಮೂಲಕವೇ ಜಗಳವಾಡಿದರು. ಕಲ್ಲುಹೂವೋ ನಿಷ್ಪಕ್ಷಪಾತಿ, ನಟ್ಟನಡುವೆ ಹಬ್ಬಿತ್ತು. ಬರಿಗೈಯಲ್ಲಿ ಹೊರಡುವುದೇ ಲೇಸೆಂದು ನಾನು ಎದ್ದೆ.

"ಅಕಿ ಬಸುರಿದ್ದಾಗ ದಿನಾ ಇದ ಬಂಡಿ ಮ್ಯಾಲ ಕುಂದ್ರಿಸಿ ಉಣಿಸೀನಿ, ಕೇಳ್ರಿ ಅಕಿನ್ನ," ಎಂದಳು ಕೊಟ್ರವ್ವ.

ಹುಲಿಗೆವ್ವ ನನ್ನನ್ನು ಬಿಟ್ಟು ನೇರವಾಗಿ ಅವಳತ್ತ ತಿರುಗಿದಳು. "ಉಣಿಸಿದ್ದಿ, ಅಕ್ಕಾ. ಸಾರಿಗೆ ಉಪ್ಪ ಇರ್ತಿರಲಿಲ್ಲ."

"ನಿನ್ನ ಕಾಲು ಬಾತಿದ್ವು. ಡಾಕ್ಟರು ಉಪ್ಪು ಬ್ಯಾಡ ಅಂದಿದ್ರು. ನೀ ಒಬ್ಬಾಕಿನ ಹೆಂಗ ಉಣ್ತಿ ಅಂತ ನಾನೂ ಸಪ್ಪಂದ ಉಂಡೀನಿ!"

ಹುಲಿಗೆವ್ವನಿಗೆ ಇದು ಗೊತ್ತಿರಲಿಲ್ಲ. ಬದು ದಾಟಿ ಬಂದು ಬಂಡೆಯ ಮೇಲೆ ಕೂತಳು, ಕೊಟ್ರವ್ವನೂ ಕೂತಳು. ಮೊದಲು ಯಾರು ನಕ್ಕರೋ, ಕೊನೆಗೆ ಮೂವರೂ ಕಣ್ಣೊರೆಸಿಕೊಂಡು ನಗುತ್ತಿದ್ದೆವು. ಆ ನಗುವಿನ ನಡುವೆಯೇ ಚೂರೊಂದನ್ನು ಎಬ್ಬಿಸಿ, ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದೆ.

ತಿಂಗಳುಗಳ ನಂತರ ಆ ಚೂರಿನ ದಾಖಲೆ ಸಂಗ್ರಹಾಲಯದ ಅಂತರ್ಜಾಲ ತಾಣದಲ್ಲಿ ಕಾಣಿಸಿತು. ಫೋನು ಹಿಡಿದು ಓಡಿದೆ. ಇಬ್ಬರೂ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದರು.

"ಯಾರ ಹೆಸರು ಮೊದಲೈತಿ?" ಎಂದಳು ಕೊಟ್ರವ್ವ.

ಇಂಗ್ಲಿಷಿನ ಅಕ್ಷರಕ್ರಮದಲ್ಲಿ ಹುಲಿಗೆವ್ವ ಮೊದಲು, ಕನ್ನಡದಲ್ಲಾದರೆ ಕೊಟ್ರವ್ವ ಎಂದು ವರ್ಣಮಾಲೆಯ ಮರೆಹೊಕ್ಕು, ಅವರ ಪಕ್ಕ ಕೂರಲು ಹೋದೆ. ಹುಲಿಗೆವ್ವ ನನ್ನ ತೋಳು ಹಿಡಿದು ತಡೆದಳು.

"ಇತ್ತಾಗ ಕುಂದರ್ರಿ ಸರಾ. ಅಲ್ಲಿ ಹೂವೈತಿ."